ಭೀಮವ್ವನ ಚಿತ್ರದ ಪಕ್ಕ ಹಚ್ಚಿದ ದೀಪ

ದೇವದುರ್ಗದ ಬಸ್ ನಿಲ್ದಾಣದ ಹೊರಗೆ ಇನ್ನೂ ಮಬ್ಬುಗತ್ತಲು. ಹಳೆಯ ವ್ಯಾನಿನ ಬಾಗಿಲಲ್ಲಿ ನಿಂತ ಉಮಾದೇವಿ, ಹತ್ತಲು ಬಂದವರ ಪಾದವನ್ನು ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿದರೆ ಬೈಗುಳ ಶುರು. "ನೀರು ಎಷ್ಟು ಕುಡದಿ, ಖರೇ ಹೇಳು ಯಪ್ಪಾ. ನನ್ನ ಮುಂದ ನಾಟಕ ಬ್ಯಾಡ." ಬೈಸಿಕೊಂಡ ಮುದುಕ ನಗುತ್ತಾ ಹತ್ತಿ ಕೂರುತ್ತಾನೆ.

ಇವರೆಲ್ಲ ಮೂತ್ರಪಿಂಡ ಕೈಕೊಟ್ಟವರು. ಹತ್ತಿರದಲ್ಲಿ ಡಯಾಲಿಸಿಸ್‌ಗೆ ಪಾಳಿ ಸಿಗದೆ, ವಾರಕ್ಕೆರಡು ಸಲ ಕಲ್ಮಲದ ಮೇಲಿಂದ ರಾಯಚೂರಿಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ತಪ್ಪಿಸಿದರೆ ಮೈಯೆಲ್ಲ ಬಾವು, ಆಮೇಲೆ ಉಸಿರಿಗೇ ಸಂಚಕಾರ. ಉಮಾದೇವಿಯ ಗಂಡ ಕನಕರಾಜ ಹಾಗೇ ಹೋದರು. ಸೂಜಿ ಚುಚ್ಚಿಸಿಕೊಂಡ ಕೈ ಎತ್ತಿ ಹಿಡಿದು, ತುಂಬಿದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ಮನುಷ್ಯ. "ಸೀಟ್ ಕೊಡ್ರಿ ಅಂತ ಕೇಳಾಕೂ ಅವ್ರಿಗೆ ನಾಚ್ಕಿ ಇತ್ರೀ," ಎನ್ನುತ್ತಾರೆ. ಅವರು ತೀರಿಕೊಂಡ ಮೇಲೆ ಸುಮ್ಮನೆ ಕೂರಲಾಗದೆ ಈ ವ್ಯಾನಿಗೆ ಬಂದರು. ಸಂಬಳವಿಲ್ಲ. ವಾಪಸ್ ಬಂದು ರೊಟ್ಟಿ ಬಡಿದು ಖಾನಾವಳಿಗೆ ಕೊಡುವುದೇ ಹೊಟ್ಟೆಪಾಡು.

ವ್ಯಾನು ಓಡುವುದು ಮಾನ್ವಿ, ದೇವದುರ್ಗದ ಕೆಲವು ಸ್ವಯಂಸೇವಕರ ಬಳಗದಿಂದ. ಡೀಸೆಲ್ಲಿನ ದುಡ್ಡು ಹುಟ್ಟುವುದು ಅಂತರ್ಜಾಲದ ಮನವಿಯಿಂದ. ಬಳಗದ ಪುಟ ತೆರೆದರೆ ನೆತ್ತಿಯ ಮೇಲೇ ಒಂದು ಬ್ಯಾನರ್: ರೋಗಿಯೊಬ್ಬರ ಮುಖ, ಕೆಳಗೆ ಒಂದು ಸಾಲು, ದಾನ ಮಾಡಲು ಒತ್ತುವ ಗುಂಡಿ. ಬ್ಯಾನರ್ ಮಾಡುವವರು ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಚನ್ನವೀರ. ಮುಖ ಹುಡುಕಿ ಕೊಡುವ ಕೆಲಸ ಉಮಾದೇವಿಯದು. ಕಳೆದ ಬೇಸಿಗೆಯಲ್ಲಿ ಅವರು ವ್ಯಾನಿನ ಹಳೆಯ ಪ್ರಯಾಣಿಕರಾದ ಭೀಮವ್ವನನ್ನು ಕೇಳಿದರು. "ಹಾಕವಾ, ನಾಕ್ ಮಂದಿಗೆ ಉಪಕಾರ ಆಗ್ತದ," ಎಂದು ಭೀಮವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತರು.

ಚನ್ನವೀರ ಆ ಚಿತ್ರವನ್ನು ಕಪ್ಪು-ಬಿಳುಪು ಮಾಡಿದರು. ಹಾಗಿದ್ದರೆ ಕರುಣೆ ಹೆಚ್ಚು ಹುಟ್ಟುತ್ತದಂತೆ. ಪಕ್ಕದಲ್ಲೊಂದು ಉರಿಯುವ ದೀಪ ಇಟ್ಟು, 'ಈ ಬೆಳಕು ಆರದಿರಲಿ' ಎಂದು ಬರೆದರು. ಬಳಗದವರೆಲ್ಲ ಅದನ್ನೇ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡರು. ನಮ್ಮ ಕಡೆ ಕಪ್ಪು-ಬಿಳುಪು ಮುಖದ ಪಕ್ಕ ದೀಪ ಕಂಡರೆ ಯಾರೂ ಅಕ್ಷರ ಓದುವುದಿಲ್ಲ, ಸತ್ತರೆಂದೇ ತಿಳಿದು ಮಣ್ಣಿಗೆ ಹೊರಡುತ್ತಾರೆ. ಹಾಗೇ ಆಯಿತು. ಮಾನ್ವಿಯಿಂದ ಮಗಳು ಬಾಯಿ ಬಡಿದುಕೊಳ್ಳುತ್ತಾ ಬಂದು ಹೊಸ್ತಿಲಲ್ಲಿ ಬಿದ್ದಳು. ಒಳಗೆ ಭೀಮವ್ವ ರೊಟ್ಟಿ ತಿನ್ನುತ್ತಿದ್ದರು. ಹಿಂದೆಯೇ ಬೀಗರು ಹೂವಿನ ಹಾರ ಹಿಡಿದು ಟಂಟಂ ಆಟೋ ತುಂಬ ಬಂದಿಳಿದರು. ಕೇಳಿದವರಿಗೆ ಮೊದಲು ನಗು ಬರುತ್ತದೆ, ನನಗೂ ಬಂತು. ಭೀಮವ್ವನಿಗೆ ಬರಲಿಲ್ಲ.

"ನಾ ಜೀವಂತ ಇರೂವಾಗ ನನ್ನ ಮಗಳು ನನ್ನ ಹೆಸರ್ಹೇಳಿ ಅತ್ತಾಳ. ಆ ಫೋನಿನ್ಯಾಗಿನ ನನ್ನ ಮಾರಿ ತಗಸು, ಬರ್ತೀನಿ. ಇಲ್ಲಾಂದ್ರ ವ್ಯಾನ್ ಹತ್ತಂಗಿಲ್ಲ," ಎಂದರು.

ದೀಪವನ್ನು ಅಂದೇ ತೆಗೆದರು. ಮುಖ ಉಳಿಯಿತು, ಯಾಕೆಂದರೆ ಹಿಂದೆ ಯಾವ ಮುಖಕ್ಕೂ ಬರದಷ್ಟು ದಾನ ಅದಕ್ಕೆ ಬರುತ್ತಿತ್ತು. ಗಿರಣಿಯ ಅಂಗಳದಲ್ಲಿ ಬಳಗ ಸೇರಿ ಜಗಳಕ್ಕೆ ಬಿತ್ತು. "ಮುಖ ಇಲ್ಲದ ಬ್ಯಾನರ್ ಯಾರೂ ಒತ್ತಂಗಿಲ್ರೀ ಅಕ್ಕಾರ. ಒಬ್ಬಾಕಿ ಸಿಟ್ಟಿಗೆ ಉಳಿದವ್ರನ್ನ ಮನ್ಯಾಗ ಕುಂದ್ರಸ್ಲೇನು?" ಎಂದು ಚನ್ನವೀರ ಕೇಳಿದರು. "ಆಕಿನೂ ಆ ಮಂದ್ಯಾಗ ಒಬ್ಬಾಕಿ ಅಲ್ಲೇನ್ರಿ?" ಅಂದರು ಉಮಾದೇವಿ. ಅವರ ಪರ ಕೈ ಎತ್ತಿದ್ದು ಶೈಲಜಾ ಎಂಬ ಶಿಕ್ಷಕಿ ಮಾತ್ರ. ತಿಂಗಳು ಮುಗಿಯುವ ತನಕ ಮುಖ ಇರಲಿ ಎಂದು ತೀರ್ಮಾನವಾಯಿತು. ಚನ್ನವೀರ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು.

ಪಾಳಿಯ ದಿನಗಳಲ್ಲೆಲ್ಲ ಉಮಾದೇವಿ ಭೀಮವ್ವನ ಮನೆ ಮುಂದೆ ವ್ಯಾನು ನಿಲ್ಲಿಸಿದರು. ಕಾಲಿಗೂ ಬಿದ್ದರು. ಒಳಗಿನಿಂದ ಬರುತ್ತಿದ್ದುದು ಒಂದೇ ಪ್ರಶ್ನೆ: "ತಗದ್ರೇನು?" ಸುಳ್ಳು ಹೇಳಲು ಇವರಿಗೆ ನಾಲಿಗೆ ಏಳಲಿಲ್ಲ. ಕೊನೆಗೆ ಮೈ ಬಾತು ಉಸಿರು ಕಟ್ಟಿದಾಗ ಮನೆಯವರು ರಾಯಚೂರಿಗೆ ಹೊತ್ತೊಯ್ದರು. ಕಲ್ಮಲ ದಾಟುವಷ್ಟರಲ್ಲಿ ಪ್ರಾಣ ಹೋಗಿತ್ತು.

ಈಗ ಬ್ಯಾನರ್‌ನಲ್ಲಿ ಯಾರ ಮುಖವೂ ಇಲ್ಲ, ಬರೀ ವ್ಯಾನಿನ ಚಿತ್ರ. ದಾನ ಸೊರಗಿದೆ. ಚನ್ನವೀರ ಹೇಳಿದ್ದೇ ನಿಜವಾಯಿತು. ವಾರದ ಎರಡು ಸರದಿಯಲ್ಲಿ ಒಂದಕ್ಕೆ ವ್ಯಾನು, ಇನ್ನೊಂದಕ್ಕೆ ಬಸ್ಸೇ ಗತಿ; ಬಸ್ಸು ಹತ್ತಲಾರದ ಕೆಲವರು ಆ ದಿನ ಮನೆಯಲ್ಲೇ ಉಳಿಯುತ್ತಾರೆ. ಮುಖ ಬೇಕು ಎನ್ನುವವರು, ಬೇಡ ಎನ್ನುವವರು ಎಂದು ಬಳಗ ಎರಡು ಹೋಳಾಗಿದೆ. ಎರಡೂ ಕಡೆಯವರು ಉಮಾದೇವಿಗೆ ಫೋನ್ ಮಾಡಿ ಇನ್ನೊಂದು ಕಡೆಯವರನ್ನು ದೂರುತ್ತಾರೆ. "ಇಬ್ರೂ ಖರೇನ ಹೇಳ್ತಾರ್ರೀ. ಅದಕ್ಕ ನನಗ ನಿದ್ದಿ ಹತ್ತಂಗಿಲ್ಲ."

ಪುರವಣಿಗೆ ಒಂದು ಫೋಟೋ ಬೇಕಿತ್ತು. ಆಸ್ಪತ್ರೆಯ ಮೆಟ್ಟಿಲ ಬಳಿ ಕ್ಯಾಮೆರಾ ಎತ್ತಿದೆ. ಉಮಾದೇವಿ ಬೇಡವೆನ್ನಲಿಲ್ಲ. ನೆಟ್ಟಗೆ ನಿಂತರು. ತೆಗೆದಾದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಪೇಪರಿನ್ಯಾಗ ಹಾಕೂ ಮುಂಚೆ ನನಗೊಮ್ಮೆ ತೋರಸ್ರಿ. ಆಕಿ ಹೂಂ ಅಂದಿದ್ದಳು ಖರೇ. ಹೆಂಗ ಕಾಣ್ತದ ಅಂತ ನಾ ಆಕಿಗೆ ತೋರಸಿದ್ದೇ ಇಲ್ರೀ."