ವೈರು ಇಲ್ಲದ ಚೌಕದಲ್ಲಿ ಕಂಡವನು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅದಕ್ಕೆ ನನ್ನ ಕಸುಬೂ ಕಾರಣವಿರಬಹುದು. ಅಂಗಡಿ, ಗೋದಾಮು, ಕಲ್ಯಾಣಮಂಟಪಗಳಿಗೆ ಕ್ಯಾಮೆರಾ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. "ನಮ್ ಕ್ಯಾಮೆರಾದಾಗ ದೆವ್ವ ಓಡಾಡ್ತೈತೆ, ಬೇಗ ಬರ್ರಿ" ಎಂದು ಫೋನ್ ಮಾಡಿದವರ ಮನೆಗೆ ಹೋಗಿ, ಗಾಜಿನ ಮುಂದೆ ಬಲೆ ಕಟ್ಟಿದ್ದ ಜೇಡವನ್ನು ಬಟ್ಟೆಯಿಂದ ಒರೆಸಿ ಬಂದಿದ್ದೇನೆ. ಕತ್ತಲಲ್ಲಿ ಕ್ಯಾಮೆರಾದ ಬೆಳಕು ಬಿದ್ದರೆ ಜೇಡ ಬೆಳ್ಳಗೆ ಹೊಗೆಯ ಮುದ್ದೆಯಂತೆ ಕಾಣುತ್ತದೆ, ಅಷ್ಟೇ. ಪರದೆಯ ಮೇಲೆ ಏನಾದರೂ ಕಾಣಬೇಕಾದರೆ ಅದನ್ನು ನೋಡಲು ಒಂದು ಕ್ಯಾಮೆರಾ ಇರಬೇಕು, ಕ್ಯಾಮೆರಾದಿಂದ ಕಂಪ್ಯೂಟರಿಗೆ ವೈರು ಇರಬೇಕು. ಇದರಾಚೆ ನಾನು ಏನನ್ನೂ ನಂಬಿದವನಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಧರ್ಮಪುರದ ಕಡೆಯ ಒಂದು ಕುರಿ ಶೆಡ್ಡಿನಲ್ಲಿ ಕಂಡದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಏನೆಂದುಕೊಳ್ಳಬೇಕೋ ನೀವೇ ಅಂದುಕೊಳ್ಳಿ.

ಆಗ ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಗೆ ನಮ್ಮದೊಂದು ಸಣ್ಣ ಅಂಗಡಿ ಇತ್ತು. ನಮ್ಮದು ಎಂದರೆ ನನ್ನದು ಮತ್ತು ಮಂಜಣ್ಣನದು. ಕಂಪ್ಯೂಟರ್ ರಿಪೇರಿ ಕಲಿಯಲು ಹೋದಲ್ಲಿ ಪರಿಚಯವಾದವನು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವನು. ನನ್ನ ತಾಯಿಗೆ ಆಪರೇಷನ್ ಆದಾಗ ಆಸ್ಪತ್ರೆಯ ವರಾಂಡದಲ್ಲಿ ನನ್ನ ಜೊತೆ ನೆಲದ ಮೇಲೆ ಮಲಗಿದವನು. ಅಮ್ಮ ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು "ಮಂಜ ಉಂಡನೇನೋ?" ಎಂದು. ಅವನ ಬಗ್ಗೆ ಇಷ್ಟು ಹೇಳಿದರೆ ಸಾಕು.

ಈಗ ಕ್ಯಾಮೆರಾಗಳಿಗೆಂದೇ ಬೇರೆ ಡಬ್ಬಿ ಬರುತ್ತದೆ. ನಾವು ಆಗ ಹೆಚ್ಚಾಗಿ ಮಾಡುತ್ತಿದ್ದದ್ದು ಹಳೆಯ ಪದ್ಧತಿ. ಗಿರಾಕಿಯ ಮನೆಯಲ್ಲಿರುವ ಕಂಪ್ಯೂಟರಿನೊಳಗೆ ಒಂದು ಕಾರ್ಡು ಸಿಕ್ಕಿಸಿ, ಅದರ ಬೆನ್ನಿಗೆ ಕ್ಯಾಮೆರಾಗಳ ವೈರು ಜೋಡಿಸಿದರೆ ಆಯಿತು. ಪರದೆ ನಾಲ್ಕು ಚೌಕವಾಗುತ್ತದೆ, ಒಂದೊಂದು ಚೌಕಕ್ಕೆ ಒಂದೊಂದು ಕ್ಯಾಮೆರಾ. ಯಾವುದಾದರೂ ವೈರು ಕಿತ್ತರೆ ಆ ಚೌಕ ಕಪ್ಪಾಗಿ 'ವಿಡಿಯೋ ಇಲ್ಲ' ಎಂಬ ಅಕ್ಷರ ಬರುತ್ತದೆ.

ಕರಿಯಪ್ಪನವರು ಕುರಿ ಸಾಕಿ ಬಾಳಿದ ಮನೆತನದವರು. ಹೊಲದ ಮಧ್ಯೆ ದೊಡ್ಡ ಶೆಡ್ಡು ಹಾಕಿ ಕುರಿ ಕೊಬ್ಬಿಸಿ ಮಾರುತ್ತಿದ್ದರು. ರಾತ್ರಿ ಕುರಿ ಕಳುವಾಗುತ್ತಿವೆ ಎಂದು ನಮ್ಮನ್ನು ಕರೆಸಿದರು. ಮಂಜಣ್ಣನೂ ನಾನೂ ಅಲ್ಲೇ ಉಳಿದು ನಾಲ್ಕು ಕ್ಯಾಮೆರಾ ಹಾಕಿದೆವು. ನಾಲ್ಕನೆಯದು ಹಿಂದಿನ ಗೇಟಿಗೆ. ಮಂಜಣ್ಣ ತನ್ನ ತಟ್ಟೆಯ ರೊಟ್ಟಿ ಮುರಿದು ಅಲ್ಲಿನ ನಾಯಿಗಳಿಗೆ ಹಾಕುತ್ತಿದ್ದ. ನಾವು ಹೊರಡುವಷ್ಟರಲ್ಲಿ ಅವು ಅವನ ಕಾಲು ಬಿಡುತ್ತಿರಲಿಲ್ಲ.

ಆಮೇಲೂ ಕಳ್ಳತನ ನಿಲ್ಲಲಿಲ್ಲ. ಕುರಿ ಹೋದ ರಾತ್ರಿಗಳಲ್ಲೆಲ್ಲ ನಾಲ್ಕನೇ ಕ್ಯಾಮೆರಾ ಕಪ್ಪಾಗಿರುತ್ತಿತ್ತು. ಬೆಳಿಗ್ಗೆ ನೋಡಿದರೆ ಮತ್ತೆ ಸರಿ. ಪ್ರತಿ ಸಲವೂ ರಿಪೇರಿಗೆ ಮಂಜಣ್ಣನೇ ಹೋದ. "ಕರೆಂಟು ಏರುಪೇರು ಕಣ್ಲಾ, ನೀನು ಅಂಗಡಿ ನೋಡ್ಕ" ಎನ್ನುತ್ತಿದ್ದ. ಕರಿಯಪ್ಪನವರು ಬೇರೆ ಲೆಕ್ಕ ಹಾಕಿದರು. ನಾಯಿ ಬೊಗಳುವುದಿಲ್ಲ, ಕ್ಯಾಮೆರಾ ಬೇಕಾದಾಗ ಕುರುಡಾಗುತ್ತದೆ ಎಂದರೆ ಇದು ಮನೆಯವರದೇ ಕೆಲಸ. ಶೆಡ್ಡಿನಲ್ಲಿ ಮಲಗುತ್ತಿದ್ದವನು ಅವರ ತಂಗಿಯ ಮಗ ಚಿಕ್ಕಣ್ಣ. ಆ ಮನೆಯಲ್ಲೇ ಹುಟ್ಟಿ, ಆ ಕುರಿಗಳ ನಡುವೆಯೇ ಬೆಳೆದವನು. ಅವನನ್ನು ಊರವರ ಮುಂದೆ ಕಳ್ಳ ಎಂದು ಹೊಡೆದು ಹೊರಗೆ ಹಾಕಿದರು. ಅವನ ತಾಯಿ ಗಂಗಮ್ಮ ಗಂಡನಿಲ್ಲದವಳು. ಅಣ್ಣನ ಮನೆಯಲ್ಲಿ ಅಡುಗೆ ಮಾಡಿಕೊಂಡು ಅಲ್ಲೇ ಉಳಿದಳು.

ಚಿಕ್ಕಣ್ಣ ಹೋದ ಮೇಲೂ ಇನ್ನೊಂದು ಕುರಿ ಹೋಯಿತು. ಮಂಜಣ್ಣ ಮರುದಿನ ಬೆಳಿಗ್ಗೆಯೇ ಬೇರೆ ಕೆಲಸದ ಮೇಲೆ ಹೊಸದುರ್ಗಕ್ಕೆ ಹೋಗಿದ್ದ. ಕರಿಯಪ್ಪನವರು ಈ ಸಲ ನನಗೇ ಫೋನ್ ಮಾಡಿ ಬೈದರು. ಹಾರ್ಡ್‌ಡಿಸ್ಕಿನದೇ ದೋಷವಿರಬಹುದು ಎಂದು ಹೊಸದೊಂದನ್ನು ಚೀಲಕ್ಕೆ ಹಾಕಿಕೊಂಡು ನಾನೊಬ್ಬನೇ ಬಸ್ಸು ಹತ್ತಿದೆ.

ಹೋದಾಗ ಬಿಸಿಲು ಏರಿತ್ತು. ಗಂಗಮ್ಮ ನೀರು ಕೊಟ್ಟಳು. ಚೊಂಬು ಇಸಿದುಕೊಳ್ಳುವಾಗ ಕೇಳಿದಳು: "ನಿಮ್ ಮಿಷನ್ನು ನನ್ ಮಗನ್ನ ಕಳ್ಳ ಅಂತ ತೋರ್ಸೈತೇನಪ್ಪ?"

"ಇಲ್ಲಮ್ಮ. ಅದ್ರಾಗೆ ಏನೂ ಕಂಡಿಲ್ಲ."

"ಮತ್ತೆ ಯಾಕಪ್ಪ ಹೊಡೆದ್ರು?"

ಚೀಲ ಬಿಚ್ಚಿ ಕೆಲಸಕ್ಕೆ ಇಳಿದೆ.

ಇಂಥ ದೋಷ ಹುಡುಕುವ ಕ್ರಮ ಸರಳ. ನಾಲ್ಕನೇ ಕ್ಯಾಮೆರಾವನ್ನು ಬಿಚ್ಚಿ ತಂದು, ಮೇಜಿನ ಮೇಲಿಟ್ಟು, ತುಂಡು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿದೆ. ಚಿತ್ರ ಬಂತು. ಕ್ಯಾಮೆರಾ ಸರಿಯಿದೆ, ಕಾರ್ಡೂ ಸರಿಯಿದೆ; ಹಾಗಾದರೆ ದೋಷ ಉದ್ದನೆಯ ವೈರಿನಲ್ಲಿ. ಗೋಡೆಗುಂಟ ಅದನ್ನು ಹಿಂಬಾಲಿಸಿದೆ. ಹೊರಗಿನ ನೀರಿನ ತೊಟ್ಟಿಯ ಹಿಂದೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ವೈರನ್ನು ಕತ್ತರಿಸಿ, ಬೇಕಾದಾಗ ಬಿಚ್ಚಿ ಮತ್ತೆ ಸಿಕ್ಕಿಸುವಂಥ ಒಂದು ಜೋಡಣೆ ಮಾಡಿ ಮೇಲೆ ಟೇಪು ಸುತ್ತಿದ್ದರು. ಅಚ್ಚುಕಟ್ಟಾದ ಕೆಲಸ. ಮಂಜಣ್ಣನೇ ಮಾಡಿರಬೇಕು, ವೈರು ಸಾಲದೆ ಬಂದಿರಬೇಕು ಎಂದುಕೊಂಡೆ. ನಿಜವಾಗಿ ಹೇಳುತ್ತೇನೆ, ಅದಕ್ಕಿಂತ ಮುಂದಕ್ಕೆ ನನ್ನ ಯೋಚನೆ ಹೋಗಲೇ ಇಲ್ಲ. ಆ ವೈರನ್ನೆಲ್ಲ ಕಿತ್ತು ಸುತ್ತಿ ಮೂಲೆಗೆ ಎಸೆದೆ. ಮೇಜಿನ ಮೇಲಿದ್ದ ಕ್ಯಾಮೆರಾವನ್ನೂ ಬಿಚ್ಚಿದೆ. ಹೇಗೂ ತಂದಿದ್ದೆನಲ್ಲ ಎಂದು ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಹೊಸದನ್ನು ಹಾಕಿ, ಅದಕ್ಕೆ ಬೇಕಾದದ್ದನ್ನೆಲ್ಲ ತುಂಬಿ ಪರದೆ ತೆರೆದೆ. ಮೂರು ಚೌಕಗಳಲ್ಲಿ ಬಿಸಿಲು, ಕುರಿಗಳು, ಮುಂದಿನ ಗೇಟು. ನಾಲ್ಕನೆಯದು ಕಪ್ಪು. ಇರಬೇಕಾದದ್ದೇ ಹಾಗೆ, ಅದಕ್ಕೆ ಏನೂ ಜೋಡಿಸಿರಲಿಲ್ಲ.

ಹೊಸ ವೈರು ತೆಗೆಯಲು ಚೀಲಕ್ಕೆ ಕೈ ಹಾಕಿದ್ದೆ. ಕಣ್ಣಂಚಿನಲ್ಲಿ ಏನೋ ಅಲ್ಲಾಡಿದಂತಾಗಿ ನೋಡಿದರೆ ನಾಲ್ಕನೇ ಚೌಕದಲ್ಲಿ ಚಿತ್ರವಿತ್ತು.

ಅದು ರಾತ್ರಿಯ ಚಿತ್ರ. ಕತ್ತಲಲ್ಲಿ ಕ್ಯಾಮೆರಾ ಕಾಣುವಂತೆ ಬೂದುಬಣ್ಣದ್ದು. ಪಕ್ಕದ ಮೂರು ಚೌಕಗಳಲ್ಲಿ ಬಿಸಿಲಿತ್ತು. ಎಲ್ಲ ಚೌಕಗಳ ಮೂಲೆಯಲ್ಲೂ ಮಧ್ಯಾಹ್ನದ ಸಮಯವೇ ಓಡುತ್ತಿತ್ತು. ಕಾಣುತ್ತಿದ್ದದ್ದು ಅದೇ ಶೆಡ್ಡಿನ ಒಳಗು. ಆದರೆ ನಾವು ಎಲ್ಲೂ ಕ್ಯಾಮೆರಾ ಹಾಕದ ಜಾಗದಿಂದ, ಬಹಳ ಕೆಳಗಿನಿಂದ. ಅಷ್ಟು ಕೆಳಗೆ ಯಾರೂ ಕ್ಯಾಮೆರಾ ಕೂರಿಸುವುದಿಲ್ಲ. ಮಲಗಿದ ಕುರಿಯೊಂದು ತಲೆ ಎತ್ತಿ ನೋಡಿದರೆ ಹೇಗೆ ಕಂಡೀತೋ ಹಾಗೆ.

ಹಿಂದಿನ ಗೇಟು ತೆರೆದಿತ್ತು. ನಾಯಿಗಳು ಬಾಲ ಆಡಿಸುತ್ತ ಒಬ್ಬನ ಸುತ್ತ ತಿರುಗುತ್ತಿದ್ದವು. ಅವನು ಬೆನ್ನು ಹಾಕಿ ನಿಂತಿದ್ದ. ಮೈಮೇಲಿದ್ದದ್ದು ನನ್ನ ಜರ್ಕಿನ್, ಅಂಗಡಿಯಲ್ಲಿ ನೇತು ಹಾಕಿರುತ್ತಿದ್ದದ್ದು. ಬೆನ್ನಿನ ಮೇಲೆ ಅಡ್ಡಕ್ಕೆ ಹೊಳೆಯುವ ಪಟ್ಟಿ, ಭುಜದ ಹತ್ತಿರ ಹರಿದಲ್ಲಿ ನನ್ನ ಹೆಂಡತಿ ಹಾಕಿದ್ದ ತೇಪೆ. ಒಂದು ಕ್ಷಣ ನನ್ನನ್ನೇ ನಾನು ನೋಡುತ್ತಿದ್ದೇನೆ ಎನಿಸಿತು. ನಾನು ರಾತ್ರಿ ಹೊತ್ತು ಅಲ್ಲಿಗೆ ಹೋದವನೇ ಅಲ್ಲ.

ಆಮೇಲೆ ಅವನು ತಿರುಗಿದ. ಮಂಜಣ್ಣ.

ಅವನು ನೇರ ನಮ್ಮ ಕಡೆಗೇ ಬಂದು, ಬಗ್ಗಿ, ಎರಡೂ ಕೈ ಚಾಚಿದ. ಅವನ ಮುಖ ಚೌಕದ ತುಂಬ ಆಯಿತು. ಬಾಯಿ ಏನೋ ಮೆಲ್ಲಗೆ ಹೇಳುತ್ತಿತ್ತು, ಮಗುವನ್ನು ಎತ್ತಿಕೊಳ್ಳುವಾಗ ಹೇಳುವ ಹಾಗೆ. ಮತ್ತೆ ಚೌಕ ಕಪ್ಪಾಗಿ 'ವಿಡಿಯೋ ಇಲ್ಲ' ಎಂದು ಬಂತು.

ನಾನೊಬ್ಬನೇ ನೋಡಿದ್ದರೆ ಬಿಸಿಲಿಗೆ ತಲೆ ಸುತ್ತಿತೆಂದು ಮರೆತುಬಿಡುತ್ತಿದ್ದೆ. ಆದರೆ ಹಿಂದೆ ಲೋಟ ಕೆಳಗಿಟ್ಟ ಸದ್ದಾಯಿತು. ಮಜ್ಜಿಗೆ ತಂದಿದ್ದ ಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅವ್ರು ನಿಮ್ ಮಂಜಣ್ಣಾರಲ್ವೇನಪ್ಪ?" ಎಂದಳು.

ಕಂಪ್ಯೂಟರಿನ ಹಿಂದಕ್ಕೆ ಕೈ ಹಾಕಿ ತಡಕಿದೆ. ನಾಲ್ಕನೇ ಜಾಗ ಖಾಲಿ. ಹೊಸ ಹಾರ್ಡ್‌ಡಿಸ್ಕಿನಲ್ಲಿ ಹುಡುಕಿದೆ. ಮೂರು ಕ್ಯಾಮೆರಾಗಳ ದಾಖಲೆಯಿತ್ತು, ನಾಲ್ಕನೆಯದರ ಹೆಸರಿನಲ್ಲಿ ಏನೂ ಇರಲಿಲ್ಲ. ಹಳೆಯದು ನನ್ನ ಚೀಲದಲ್ಲಿತ್ತು, ಅದರದೇನೋ ಉಳಿದು ಬಂತು ಎನ್ನುವ ಹಾಗಿಲ್ಲ. ಇಂಟರ್ನೆಟ್ ಆ ಹೊಲದಲ್ಲಿ ಇರಲಿಲ್ಲ. ಪಕ್ಕದ ಕ್ಯಾಮೆರಾದ ಚಿತ್ರ ಕೆಲವೊಮ್ಮೆ ಖಾಲಿ ಚೌಕದಲ್ಲಿ ನೆರಳಿನಂತೆ ಇಣುಕುವುದುಂಟು. ಆದರೆ ಪಕ್ಕದವುಗಳಲ್ಲಿ ಹಗಲಿತ್ತಲ್ಲ! ನನಗೆ ಗೊತ್ತಿದ್ದ ಕಾರಣಗಳು ಅಲ್ಲಿಗೆ ಮುಗಿದವು.

ಗಂಗಮ್ಮ ಓಡಿಹೋಗಿ ಅಣ್ಣನನ್ನು ಕರೆತಂದಳು. ಕರಿಯಪ್ಪನವರು ಎಲ್ಲ ಕೇಳಿ "ಎಲ್ಲೈತೆ? ತೋರ್ಸು" ಎಂದರು. ದಾಖಲಾಗಿಲ್ಲ ಎಂದೆ. ಅವರು ಸಿಟ್ಟಿಗೆದ್ದರು. "ನನ್ನೇನು ಕುರಿ ಅನ್ಕಂಡಿಯೇನಯ್ಯ? ಈಯಮ್ಮ ಅತ್ಕಂಡ್ ಹೇಳಿದ್ಲು ಅಂತ ನೀನೂ ತಾಳ ಹಾಕ್ತಿಯಾ?"

"ನಾಳೆವರ್ಗೂ ಟೈಮ್ ಕೊಡ್ರಿ" ಎಂದಷ್ಟೇ ಹೇಳಿ ಹೊರಟೆ.

ಹಿರಿಯೂರಿನಲ್ಲಿ ಬಸ್ಸು ಬದಲಿಸಿದ್ದು ನೆನಪಿಲ್ಲ. ದಾರಿಯುದ್ದಕ್ಕೂ ಹೇಗಾದರೂ ಅದು ಸುಳ್ಳಾಗಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಚಿತ್ರದುರ್ಗ ಮುಟ್ಟಿದಾಗ ಸಂಜೆ. ಮಂಜಣ್ಣ ಹೊಸದುರ್ಗದಿಂದ ಬಂದು ಅಂಗಡಿಯಲ್ಲಿ ಕೂತಿದ್ದ. ನನ್ನ ಜರ್ಕಿನ್ ಎಂದಿನಂತೆ ಒಳಗಿನ ಮೊಳೆಗೆ ನೇತಾಡುತ್ತಿತ್ತು. ನೇರ ಹೋಗಿ ಅದನ್ನು ಮೂಸಿದೆ. ಕುರಿಯ ವಾಸನೆ ಗಮ್ಮೆಂದು ಹೊಡೆಯಿತು.

"ಏನ್ಲಾ, ನಾಯಿ ಮೂಸ್ದಂಗೆ ಮೂಸ್ತಿದಿಯಾ?" ಎಂದು ನಕ್ಕ.

"ಮಂಜಣ್ಣ, ನಾಲ್ಕನೇದ್ರಾಗೆ ನಿನ್ನ ನೋಡ್ದೆ. ಕುರಿ ಎತ್ತೋದು ಕಾಣ್ತು."

ಅವನು ಯೋಚಿಸಲೇ ಇಲ್ಲ. "ಅದೆಂಗ್ ಕಾಣ್ತೈತೆ? ಒಳಕ್ಕೆ ಹೋಗಾಕ್ ಮುಂಚೆ ವೈರ್ ಬಿಚ್ಚಿದ್ನಲ್ಲ!" ಎಂದುಬಿಟ್ಟ.

ಮಾತು ಆಡಿದ ಮೇಲೆಯೇ ಅವನಿಗೂ ಅದು ಕೇಳಿಸಿದ್ದು. ಗಡಿಯಾಚೆಯ ಒಬ್ಬ ಕುರಿ ವ್ಯಾಪಾರಿಯ ಸಹವಾಸ ಆಯಿತು, ಆಮೇಲೆ ಬಿಡಿಸಿಕೊಳ್ಳಲಾಗಲಿಲ್ಲ ಎಂದೇನೋ ಹೇಳತೊಡಗಿದ. ನನಗೆ ಅದು ಬೇಕಿರಲಿಲ್ಲ.

"ನನ್ ಜರ್ಕಿನ್ ಯಾಕ್ ಹಾಕ್ಕಂಡ್ ಹೋದೆ?"

"ಕೈಗೆ ಸಿಕ್ತು, ಹಾಕ್ಕಂಡೆ."

"ನಿಂದೂ ಅದ್ರ ಪಕ್ಕದಾಗೇ ಇತ್ತಲ್ಲ."

ಅವನು ತಲೆ ತಗ್ಗಿಸಿದ. ಯಾರಾದರೂ ದೂರದಿಂದ ಕಂಡಿದ್ದರೆ ಜರ್ಕಿನ್ ನೋಡಿ ಕಳ್ಳ ನಾನೇ ಎಂದುಕೊಳ್ಳಬೇಕು, ಅದಕ್ಕೇ. ಕುರಿ ಕದ್ದದ್ದನ್ನು ಒಂದು ದಿನ ಮರೆತೇನು. ಆ ತಗ್ಗಿಸಿದ ತಲೆಯನ್ನು ಮರೆಯಲಾರೆ. ಆಸ್ಪತ್ರೆಯ ವರಾಂಡದಲ್ಲಿ ನನ್ನ ಪಕ್ಕ ಮಲಗಿದ್ದವನು ಇವನೇ ಹೌದೇ ಎಂದು ಅವನ ಮುಖವನ್ನೇ ನೋಡುತ್ತ ನಿಂತೆ. ಅಮ್ಮನಿಗೆ ಇದನ್ನು ನಾನು ಈವರೆಗೂ ಹೇಳಿಲ್ಲ. ಹಬ್ಬ ಬಂದಾಗಲೆಲ್ಲ ಅವಳು ಮಂಜನನ್ನು ಕರೆಯಲಿಲ್ಲವೇ ಎಂದು ಕೇಳುತ್ತಾಳೆ.

"ನಾಳೆ ನೀನೇ ಬಂದು ಕರಿಯಪ್ಪಾರ್ಗೆ ಹೇಳು. ಇಲ್ದಿದ್ರೆ ನಾನು ಸ್ಟೇಷನ್‌ಗೆ ಹೋಗ್ತೀನಿ" ಎಂದೆ. ಬಂದ. ಶೆಡ್ಡಿನ ಮುಂದೆ ನಿಂತು ಎಲ್ಲ ಒಪ್ಪಿಕೊಂಡ. ನಾಯಿಗಳು ಆಗಲೂ ಅವನ ಕಾಲು ನೆಕ್ಕುತ್ತಿದ್ದವು. ಅದನ್ನು ನೋಡಲಾರದೆ ಕರಿಯಪ್ಪನವರು ಮುಖ ತಿರುಗಿಸಿಕೊಂಡರು. ಅವನನ್ನು ಪೊಲೀಸರಿಗೆ ಕೊಡಲಿಲ್ಲ. ಹೊರಗಿನವನನ್ನು ಹಿಡಿದುಕೊಟ್ಟರೆ ಮನೆಯವನನ್ನು ತಪ್ಪಿಲ್ಲದೆ ಹೊಡೆದದ್ದೂ ನಾಲ್ಕು ಜನರ ಬಾಯಿಗೆ ಬೀಳುತ್ತಿತ್ತು ಎಂದು ನನ್ನ ಊಹೆ.

ಹೊಳಲ್ಕೆರೆ ಕಡೆ ಇಟ್ಟಿಗೆ ಗೂಡಿನಲ್ಲಿ ಕೂಲಿಗಿದ್ದ ಚಿಕ್ಕಣ್ಣನಿಗೆ ಹೇಳಿ ಕಳಿಸಿದರು. ಅವನು ಬಂದ, ಆದರೆ ಒಳಗೆ ಕಾಲಿಡಲಿಲ್ಲ. ತಾಯಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ಗಂಗಮ್ಮ ಬಟ್ಟೆಗಂಟು ಕಂಕುಳಲ್ಲಿಟ್ಟುಕೊಂಡು ಅಣ್ಣನ ಮುಂದೆ ನಿಂತಳು. "ನಾಯಿ ಬೊಗಳ್ಲಿಲ್ಲ ಅಂತ ನನ್ ಮಗನ್ನ ಕಳ್ಳ ಅಂದ್ಯಲ್ಲಣ್ಣ" ಎಂದಳು. ನನ್ನ ಪಕ್ಕ ಹಾದು ಹೋಗುವಾಗ ಅವಳು ಮೆಲ್ಲಗೆ ಕೇಳಿದಳು: "ಅದೇನಪ್ಪ ನಾವು ನೋಡಿದ್ದು?" ಗೊತ್ತಿಲ್ಲ ಎಂದೆ. "ಹೋಗ್ಲಿ ಬಿಡು" ಎಂದು ಮಗನ ಹಿಂದೆ ನಡೆದಳು.

ಅಂಗಡಿ ಮುಚ್ಚಿದೆವು. ನಾನು ಬೇರೆ ಕಡೆ ಒಬ್ಬನೇ ಕೆಲಸ ಶುರು ಮಾಡಿದೆ. ಆ ಕಂಪ್ಯೂಟರ್ ಕರಿಯಪ್ಪನವರಲ್ಲಿ ಇನ್ನೂ ಕೆಲವು ಕಾಲ ನಡೆಯಿತು. ಎರಡು ಮೂರು ಸಲ ಹೋಗಿ ನೋಡಿದ್ದೇನೆ. ನಾಲ್ಕನೇ ಚೌಕದ ವೈರು ಕಿತ್ತು, ಅದರ ಮುಂದೆ ಕೂತು ಕಾದಿದ್ದೂ ಉಂಟು. ಏನೂ ಕಾಣಲಿಲ್ಲ.

ಕಳೆದ ವರ್ಷ ಹಿರಿಯೂರು ಬಸ್ ನಿಲ್ದಾಣದಲ್ಲಿ ಮಂಜಣ್ಣ ಎದುರಾದ. ಕೂದಲು ನರೆತಿತ್ತು. ನಾನು ತಪ್ಪಿಸಿಕೊಳ್ಳುವುದರೊಳಗೆ ಹತ್ತಿರ ಬಂದ. ಕ್ಷಮಿಸು ಎನ್ನುತ್ತಾನೇನೋ ಎಂದುಕೊಂಡೆ.

"ಒಂದೇ ಒಂದು ಹೇಳ್ಬಿಡು" ಎಂದ. "ಆ ಇನ್ನೊಂದು ಕ್ಯಾಮೆರಾ ಎಲ್ಲಿಟ್ಟಿದ್ದೆ?"

"ಇಟ್ಟೇ ಇರ್ಲಿಲ್ಲ ಮಂಜಣ್ಣ." ಆ ದಿನ ಕಂಡದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಖಾಲಿ ಜಾಗ, ಹಗಲಿನಲ್ಲಿ ಕಂಡ ರಾತ್ರಿ, ಗಂಗಮ್ಮ, ಎಲ್ಲವನ್ನೂ. ಅವನು ಕೊನೆಯವರೆಗೂ ಕೇಳಿಸಿಕೊಂಡ. ಅವನ ಕಣ್ಣು ಕೆಂಪಾಗುತ್ತಾ ಬಂತು.

"ಇಷ್ಟ್ ವರ್ಷ ಆದ್ಮೇಲೂ ಸುಳ್ಳು ಹೇಳ್ತಿಯಲ್ಲೋ. ನಾನು ಮಾಡಿದ್ದು ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ನೀನು ಮೊದ್ಲಿಂದ್ಲೂ ನನ್ನ ನಂಬಿರ್ಲಿಲ್ಲ. ನನಗೆ ಗೊತ್ತಾಗ್ದಂಗೆ ನನ್ನ ಮ್ಯಾಲೇ ಕ್ಯಾಮೆರಾ ಇಟ್ಟಿದ್ದೆ."

ಅವನ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತ, ನನ್ನ ಕಡೆ ನೋಡಲಿಲ್ಲ. ಮೋಸ ಹೋದವನ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆ ಕಿಟಕಿಯಲ್ಲಿ ಇದ್ದದ್ದು ಅದೇ ಮುಖ. ಅದು ಹಾಗಲ್ಲ ಎಂದು ಅವನಿಗೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಇವತ್ತಿಗೂ ಇಲ್ಲ.