ಮಂಜುಳಾಳ ಆಫೀಸಿನ ಕ್ರೆಷ್ ನೋಡಲು ಹೋದದ್ದು

ಗಂಗಾನಗರದಿಂದ ಯಲಹಂಕ ದೂರವೇನಲ್ಲ. ಆದರೂ ಮೂರು ವರ್ಷದ ಮಗಳು ಚಿನ್ನುವನ್ನು ಕಟ್ಟಿಕೊಂಡು ಬೆಳಗ್ಗೆ ಹೊರಟಾಗ, ಪರದೇಶಕ್ಕೆ ಹೊರಟವಳಂತೆ ಎರಡು ಚೀಲ ತುಂಬಿಸಿದ್ದೆ. ಹೆಂಗಸರಿಗೆ ಬಸ್ಸು ಉಚಿತ, ಆಧಾರ್ ತೋರಿಸಿದರೆ ಸಾಕು. ಹೆಬ್ಬಾಳದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿ ವಾಹನಗಳು ಮಿಸುಕಲಿಲ್ಲ. ಫೆಬ್ರವರಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಚಿನ್ನು ಕಿಟಕಿಗೆಲ್ಲ ಬಾಳೆಹಣ್ಣು ಮೆತ್ತಿದಳು.

ಹೊರಟಿದ್ದು ಮಂಜುಳಾಳ ಆಫೀಸಿಗೆ. ಅವಳಿಗೆ ಲೆಕ್ಕಪತ್ರದ ಕೆಲಸ ಕಲಿಸಿದವಳೇ ನಾನು. ಚಿನ್ನುವಿನ ನರ್ಸರಿ ಮಧ್ಯಾಹ್ನವೇ ಮುಚ್ಚುವುದರಿಂದ ನಾನು ಅರ್ಧ ದಿನದ, ಅರ್ಧ ಸಂಬಳದ ಕೆಲಸಕ್ಕೆ ಇಳಿದಿದ್ದೇನೆ. ಮಂಜುಳಾ ಮಾತ್ರ ಮಗ ಹುಟ್ಟಿದ ಮೇಲೆ ಈ ಕಂಪನಿ ಸೇರಿ ಮ್ಯಾನೇಜರ್ ಆದಳು. ಇಲ್ಲಿ ಕ್ರೆಷ್ ಇದೆ, ತಾಯಂದಿರ ಕೆಲಸ ಮುಗಿಯುವವರೆಗೂ ಮಕ್ಕಳನ್ನು ಅಲ್ಲೇ ನೋಡಿಕೊಳ್ಳುತ್ತಾರೆ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಇರಲೇಬೇಕೆಂದು ಕಾನೂನು. ನಮ್ಮ ಆಫೀಸಿನಲ್ಲಿರುವುದು ಹನ್ನೆರಡೇ ಜನ, ಆ ಕಾನೂನು ನಮ್ಮ ಮೆಟ್ಟಿಲು ಹತ್ತುವುದಿಲ್ಲ. "ಒಂದ್ ಪೋಸ್ಟ್ ಖಾಲಿ ಇದೆ, ಬನ್ನಿ ಅಕ್ಕ" ಎಂದು ಅವಳೇ ಫೋನ್ ಮಾಡಿದ್ದಳು.

ಮಂಜುಳಾ ಗೇಟಿಗೇ ಬಂದಳು. ಇಸ್ತ್ರಿ ಮಾಡಿದ ಕುರ್ತಾ, ಕೊರಳಲ್ಲಿ ಕಾರ್ಡು, ಮುಖದಲ್ಲಿ ದಣಿವಿನ ಸುಳಿವೇ ಇಲ್ಲ. ಮುಚ್ಚುಮರೆಯೇಕೆ, ಹೊಟ್ಟೆ ಉರಿಯಿತು. ಕ್ರೆಷ್ ನೋಡಿದ ಮೇಲಂತೂ ಇನ್ನೂ ಉರಿಯಿತು. ಸಾಲಾಗಿ ಪುಟ್ಟ ಹಾಸಿಗೆಗಳು, ಮೊಣಕಾಲೆತ್ತರದ ನಲ್ಲಿ. ಊಟದ ಹೊತ್ತಿಗೆ ಮಂಜುಳಾ ಇಳಿದುಬಂದು ಮಗನಿಗೆ ಅನ್ನ ಸಾರು ತಿನ್ನಿಸಿ ಮತ್ತೆ ಮೇಲೆ ಹೋಗಿ ಕೂರುತ್ತಾಳಂತೆ. ಚಿನ್ನು ಚಪ್ಪಲಿ ಬಿಟ್ಟು ಒಳಗೋಡಿದಳು, ನನ್ನತ್ತ ತಿರುಗಿಯೂ ನೋಡಲಿಲ್ಲ.

ಸಂದರ್ಶನ ಮಾಡಿದವರು ಕನ್ನಡಕದ ನಿಧಾನಸ್ಥರು. ಲೆಕ್ಕದ ಪ್ರಶ್ನೆಗಳಿಗೆಲ್ಲ ಸಲೀಸಾಗಿ ಉತ್ತರಿಸಿದೆ. ಕೊನೆಗೆ ಕೇಳಿದರು: "ಮಗು ಚಿಕ್ಕದು ಅಂತೀರ. ಮನೇಲಿ ನೋಡ್ಕೊಳ್ಳೋರು ಇದ್ದಾರಾ?"

"ಅತ್ತೆ ಇದ್ದಾರೆ ಸಾರ್. ಏನೂ ತೊಂದ್ರೆ ಇಲ್ಲ."

ಬಾಯಿ ತಾನಾಗಿ ಹೇಳಿಬಿಟ್ಟಿತು. ಕೆಲಸ ಕೇಳಲು ಹೋದ ತಾಯಂದಿರೆಲ್ಲ ಹೇಳುವ ಮಾತದು. ಯಾರೂ ಇಲ್ಲವೆಂದರೆ "ಆಮೇಲೆ ತಿಳಿಸ್ತೀವಿ" ಎಂದು ಸಾಗಹಾಕುತ್ತಾರೆ. ನನ್ನ ಅತ್ತೆ ತೀರಿಕೊಂಡು ವರ್ಷಗಳಾದವು.

"ಒಳ್ಳೇದಾಯ್ತು, ಕೆಲಸ ನಿಮ್ದೇ" ಎಂದರು. "ಕ್ರೆಷ್‌ನಲ್ಲಿ ಒಂದೇ ಜಾಗ ಉಳಿದಿತ್ತು. ಅದನ್ನ ಮನೇಲಿ ಯಾರೂ ಇಲ್ಲದೋರಿಗೆ ಕೊಡ್ತೀವಿ."

"ಸಾರ್, ಅತ್ತೆ ಇಲ್ಲ" ಎಂದೆ.

ಅವರು ಕನ್ನಡಕ ತೆಗೆದರು. "ಈಗ್ತಾನೆ ಇದ್ದಾರೆ ಅಂದ್ರಲ್ಲಮ್ಮ. ಕ್ರೆಷ್ ಅಂದ ತಕ್ಷಣ ಇಲ್ವಾ?"

ಎಷ್ಟು ವಿವರಿಸಿದರೂ ನಂಬಲಿಲ್ಲ. ಚಿನ್ನುವಿಗೆ ಜಾಗವಿಲ್ಲದ ಮೇಲೆ ಸಂಜೆಯವರೆಗಿನ ಕೆಲಸ ಇಟ್ಟುಕೊಂಡು ನಾನೇನು ಮಾಡಲಿ? ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಕೆಲಸ ಬೇಡವೆಂದು ಹೇಳಿ ಎದ್ದು ಬಂದೆ.

ಅಲ್ಲಿಂದ ಬರಲೊಲ್ಲದ ಚಿನ್ನುವನ್ನು ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಅವಳ ಅಳು ರಸ್ತೆಗೆಲ್ಲ ಕೇಳುತ್ತಿತ್ತು. ಮಂಜುಳಾ ಚೀಲ ಹಿಡಿದು ಜೊತೆಗೆ ಬಂದಳು.

"ಅಯ್ಯೋ ಅಕ್ಕ, ಯಾರೂ ಇಲ್ಲ ಅನ್ಬೇಕಿತ್ತು ನೀವು."

"ನೀನೇನಂದಿದ್ದೆ?"

"ಯಾರೂ ಇಲ್ಲ ಅಂತಾನೇ."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಕೆಳಗೆ ಮಂಜುಳಾಳ ಫೋನು ರಿಂಗಾಯಿತು. "ಹ್ಞೂಂ ಅತ್ತೆ, ಇವತ್ತು ಲೇಟಾಗುತ್ತೆ. ಅಡುಗೆ ನೀವೇ ಮಾಡ್ಬಿಡಿ" ಎನ್ನುತ್ತ ನನ್ನತ್ತ ಕೈ ಬೀಸಿದಳು.

ನಾನು ಬೀಸಲಿಲ್ಲ.