ಕೂತ್ಕೊಳ್ಳಿ ಅನ್ನುವವರ ನಡುವೆ ಅಪ್ಪ

ಯಾರಾದರೂ ಅಪ್ಪನಿಗೆ "ಕೂತ್ಕೊಳ್ಳಿ" ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದೊಂದೇ ಮಾತಿನಿಂದ ನಮ್ಮವರೆಲ್ಲ ಸೇರಿ ಅವರನ್ನು ಮೂಲೆಗುಂಪು ಮಾಡಿದರು. ಅದೂ ಎಷ್ಟು ಪ್ರೀತಿಯಿಂದ!

ಅಪ್ಪ ಕ್ಷೌರಿಕ. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದದ ಕನ್ನಡಿಯ ಎದುರು ಎರಡು ಕುರ್ಚಿ, ಒಂದು ಅಪ್ಪನದು, ಇನ್ನೊಂದು ಅಣ್ಣನದು. ಅಣ್ಣ ಗಿರಾಕಿಯನ್ನು ಕುರ್ಚಿ ಸಮೇತ ಗರಗರ ತಿರುಗಿಸುತ್ತಾನೆ. ಅಪ್ಪ ಎಂದೂ ತಿರುಗಿಸಿದವರಲ್ಲ. ತಲೆ ಇದ್ದಲ್ಲೇ ಇರಬೇಕು, ಕೆಲಸಗಾರ ಅದರ ಸುತ್ತ ನಡೆಯಬೇಕು, ಇದು ಅವರ ಪದ್ಧತಿ. ಹರಟೆ ಹೊಡೆಯುತ್ತಾ, ಬಗ್ಗುತ್ತಾ, ಏಳುತ್ತಾ ಇಡೀ ದಿನ ಸುತ್ತುತ್ತಿದ್ದರು.

ಮಂಡಿ ಊದಿಕೊಂಡಾಗ ಡಾಕ್ಟರ ಹತ್ತಿರ ಹೋದೆವು. ಸಂಧಿವಾತ, ಕೀಲು ಸವೆದಿದೆ ಎಂದರು. "ಹಾಗಂತ ಸುಮ್ನೆ ಕೂತ್ಬಿಡ್ಬೇಡಿ. ತೀರಾ ನೋವಾದಾಗ ಸ್ವಲ್ಪ ಸುಧಾರಿಸ್ಕೊಳ್ಳಿ, ಆಮೇಲೆ ಮತ್ತೆ ಓಡಾಡಿ. ಕೂತೇ ಇದ್ರೆ ಕೀಲು ಬಿಗಿಯುತ್ತೆ."

ಅಣ್ಣನ ಕಿವಿಗೆ ಬಿದ್ದದ್ದು "ಸವೆದಿದೆ" ಎಂಬುದೊಂದೇ. ನಮ್ಮ ಕಸುಬಿನವರ ತಲೆಯೇ ಹಾಗೆ. ಕತ್ತಿ ಮಸೆದಷ್ಟೂ ತೆಳುವಾಗುತ್ತದೆ, ಅದಕ್ಕೇ ಒಳ್ಳೆಯ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತೇವೆ. ಮಂಡಿಯೂ ಹಾಗೇ ಎಂದು ಅಣ್ಣ ತೀರ್ಮಾನಿಸಿದ.

"ಉಳಿದಿರೋದನ್ನ ಜೋಪಾನ ಮಾಡ್ಬೇಕಲ್ವಾ?" ಎನ್ನುತ್ತಾ, ಅಪ್ಪ ಕೂತೇ ಕೆಲಸ ಮಾಡಲೆಂದು ಚಕ್ರದ ಸ್ಟೂಲು ತಂದ.

"ಮಂಡಿ ಏನು ಕಬ್ಬಿಣವೇನೋ ಅಣ್ಣಾ? ಡಾಕ್ಟರು ಹೇಳಿದ್ದೇನು, ನೀನು ಮಾಡ್ತಿರೋದೇನು?" ಎಂದು ನಾನು ಬಾಯಿ ಬಡಿದುಕೊಂಡೆ.

"ನಿಂಗೇನ್ ಗೊತ್ತು? ರಾತ್ರಿ ಕಾಲು ಒತ್ತೋನು ನಾನು."

ಅದು ನಿಜವೇ, ಅದಕ್ಕೇ ನನ್ನ ಸಿಟ್ಟಿಗೆ ಬೆಲೆ ಸಿಗಲಿಲ್ಲ. ಗಿರಾಕಿಗಳೂ ಅವನ ಕಡೆಯೇ. "ಕೂತೇ ಮಾಡಿ ಯಜಮಾನ್ರೇ, ನಮ್ಗೇನು ಅವಸರ?" ಅತ್ತಿಗೆ ನೀರಿನ ಲೋಟವನ್ನೂ ಕೈಗೇ ತಂದುಕೊಡುತ್ತಿದ್ದಳು. ಅಯ್ಯೋ ಪಾಪ ಎನ್ನಲು ಎಲ್ಲರಿಗೂ ಪುರುಸೊತ್ತಿತ್ತು, ಡಾಕ್ಟರ ಮಾತು ಮಾತ್ರ ಯಾರಿಗೂ ಬೇಕಾಗಿರಲಿಲ್ಲ. ಎರಡು ಮೂರು ತಿಂಗಳಲ್ಲಿ ಅಪ್ಪ ಸ್ಟೂಲಿನಿಂದೇಳಲು ಗೋಡೆ ಹಿಡಿಯತೊಡಗಿದರು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಏಳಲಾಗದೆ ನನ್ನನ್ನು ಕೂಗಿದರು. ಮಗಳೆದುರು ಆ ಸ್ಥಿತಿಯಲ್ಲಿ ತಲೆ ಎತ್ತಲಿಲ್ಲ. ಹೀಗೇ ಬಿಟ್ಟರೆ ಮುಂದೆ ಹಾಸಿಗೆಯೇ ಗತಿ ಎಂದು ಇಬ್ಬರಿಗೂ ಗೊತ್ತಾಯಿತು. ನಾನು ಅಳಲಿಲ್ಲ, ಹಲ್ಲು ಕಡಿದೆ.

ಅಂದೇ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅಪ್ಪ ಅಣ್ಣನಿಗೆ ತಮ್ಮ ಕುರ್ಚಿ ತೋರಿಸಿದರು.

"ಕೂತ್ಕೋ. ಗಡ್ಡ ಬೆಳೆದಿದೆ."

ಕೊರಳಿಗೆ ಬಟ್ಟೆ ಕಟ್ಟಿ, ಮುಖದ ತುಂಬ ನೊರೆ ಹಚ್ಚಿ, ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿದರು. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಕತ್ತಿ ಗಂಟಲ ಮೇಲಿತ್ತು. ಕತ್ತಿ ಗಂಟಲ ಮೇಲಿದ್ದಾಗ ನಮ್ಮ ಅಂಗಡಿಯಲ್ಲಿ ಯಾರೂ ವಾದ ಮಾಡುವುದಿಲ್ಲ.

ಅಪ್ಪ ಕುರ್ಚಿಯ ಹಿಡಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ಕೈ ಮಾತ್ರ ನಡುಗಲಿಲ್ಲ. ಬಲಗೆನ್ನೆಯಿಂದ ಎಡಗೆನ್ನೆಗೆ ಬರುವಷ್ಟರಲ್ಲಿ ಎರಡು ಸಲ ನಿಂತರು. ನಾನು ಬಾಗಿಲಲ್ಲೇ ನಿಂತಿದ್ದೆ, ಹಿಡಿದುಕೊಳ್ಳಲು ಹೋಗಲಿಲ್ಲ.

ಮುಖ ಒರೆಸಿಕೊಳ್ಳುತ್ತಾ ಅಣ್ಣ ಕೇಳಿದ, "ನೋವಾಗಲ್ವಾ ಅಪ್ಪ?"

"ಆಗುತ್ತೆ ಕಣೋ. ಕೂತ್ರೂ ಆಗುತ್ತೆ. ನಡೆದಿದ್ದಕ್ಕೆ ಬಂದ ನೋವು ನಂದು, ತಡ್ಕೋತೀನಿ. ಇವತ್ತು ಬಚ್ಚಲಲ್ಲಿ ಆಗಿದ್ದು ನೀನು ಕೊಟ್ಟಿದ್ದು. ಅದನ್ನ ಹೇಗೋ ತಡ್ಕೊಳ್ಳೋದು?"

ಅಣ್ಣ ಸ್ಟೂಲನ್ನು ಎತ್ತಿ ಒಳಗಿಟ್ಟ. ಮಾರನೆಯ ದಿನದಿಂದ ಅಪ್ಪ ಗಿರಾಕಿಗಳ ಸುತ್ತ ಮತ್ತೆ ನಡೆಯತೊಡಗಿದರು, ನಿಧಾನವಾಗಿ, ನಡುನಡುವೆ ಸುಧಾರಿಸಿಕೊಂಡು. ಗೋಡೆ ಹಿಡಿಯುವುದು ತಪ್ಪಿತು. ಆದರೆ ಅಂಗಡಿಯ ಮುಂದಿನ ಮೆಟ್ಟಿಲನ್ನು ಒಬ್ಬರೇ ಹತ್ತುವ ಶಕ್ತಿ ಮಾತ್ರ ವಾಪಸ್ ಬರಲಿಲ್ಲ. ದಿನಾ ಬೆಳಿಗ್ಗೆ ಬೀದಿಯಲ್ಲಿ ಒಂದು ಸುತ್ತು ನಡೆದು ಬಂದವರಿಗೆ ಅಣ್ಣ ಕೈ ಚಾಚುತ್ತಾನೆ, ಅಪ್ಪ ಅವನ ಮುಖ ನೋಡದೆ ಹಿಡಿದುಕೊಳ್ಳುತ್ತಾರೆ.